ಪೌರತ್ವದ ಬಾಗಿಲು: ಅಮೆರಿಕದ ಖಾಯಂ ನಿವಾಸಿಗಳು ಪೌರರಾದ ಇತಿಹಾಸ



ಉರ್ದುವಿನಲ್ಲಿ ನಾವು 'ಶಹರಿಯತ್' ಎನ್ನುತ್ತೇವೆ, ಕನ್ನಡದಲ್ಲಿ 'ಪೌರತ್ವ' ಎನ್ನುತ್ತೇವೆ. ಶಹರ್ ಎಂದರೆ ನಗರ. ಪುರ ಎಂದರೂ ನಗರವೇ. ಪುರದಲ್ಲಿ ಇರುವವನು ಪೌರ. ಎರಡೂ ಭಾಷೆಗಳನ್ನು ಕಲಿಸುವ ನನಗೆ ಈ ಎರಡು ಪದಗಳನ್ನು ಅಕ್ಕಪಕ್ಕದಲ್ಲಿ ಕರಿಹಲಗೆಯ ಮೇಲೆ ಬರೆಯುವುದೆಂದರೆ ಬಹಳ ಇಷ್ಟ. ಆದರೆ ಇಷ್ಟು ಹೇಳಿದ ಮೇಲೆ ಮಕ್ಕಳ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಮೂಡುವುದು ಸಹಜ. ಊರಿನಲ್ಲಿ ವಾಸ ಮಾಡಿದರೆ ಸಾಕು, ಪೌರನಾದಂತೆಯೇ ಎಂದು.

ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ನಮ್ಮ ಮಾಮು ಅಮೆರಿಕದಲ್ಲಿದ್ದಾರೆ. ಅವರಿಗೆ ಗ್ರೀನ್ ಕಾರ್ಡ್ ಸಿಕ್ಕಿದೆ. ಹಾಗಾದರೆ ಅವರು ಅಮೆರಿಕದವರು ತಾನೇ?" ಅಲ್ಲ ಎಂದೆ. ಅವರು ಅಲ್ಲಿನ ಖಾಯಂ ನಿವಾಸಿ, ಪೌರರಲ್ಲ ಎಂದೆ. "ಹಾಗಾದರೆ ಇನ್ನೇನು ಮಾಡಬೇಕು?" ಎಂಬ ಅವಳ ಎರಡನೆಯ ಪ್ರಶ್ನೆಗೆ ಆ ದಿನ ನಾನು ಕೊಟ್ಟದ್ದು ನಿಯಮಗಳ ಒಂದು ಒಣ ಪಟ್ಟಿ. ನಂತರ ಈ ವಿಷಯವನ್ನು ಓದುತ್ತಾ ಹೋದಾಗ, ಆ ಪಟ್ಟಿಯ ಹಿಂದೆ ಎಷ್ಟು ಜನರ ಕಣ್ಣೀರು ಇದೆ ಎಂಬುದು ತಿಳಿಯಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಇಂದಿನ ನಿಯಮಗಳು

ಪೌರತ್ವ ಎರಡು ಬಗೆಯಲ್ಲಿ ಬರುತ್ತದೆ ಎಂದು ನೀವು ಪೌರನೀತಿಯಲ್ಲಿ ಓದಿದ್ದೀರಿ. ಹುಟ್ಟಿನಿಂದ ಬರುವುದು ಒಂದು. ಬೇರೆ ದೇಶದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಅರ್ಜಿ ಹಾಕಿ ಪಡೆಯುವುದು ಇನ್ನೊಂದು. ಎರಡನೆಯದನ್ನು ಸಹಜೀಕೃತ ಪೌರತ್ವ ಎನ್ನುತ್ತಾರೆ.

ಅಮೆರಿಕದಲ್ಲಿ ಇದಕ್ಕೆ ಮೊದಲ ಮೆಟ್ಟಿಲು ಖಾಯಂ ನಿವಾಸಿಯ ಸ್ಥಾನಮಾನ, ಅಂದರೆ ಗ್ರೀನ್ ಕಾರ್ಡ್. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಖಾಯಂ ನಿವಾಸಿಯಾಗಿ ಸಾಮಾನ್ಯವಾಗಿ 5 ವರ್ಷ ಕಳೆದಿರಬೇಕು. ಅಮೆರಿಕದ ಪೌರರನ್ನು ಮದುವೆಯಾಗಿ ಅವರ ಜೊತೆಯಲ್ಲೇ ಬಾಳುತ್ತಿರುವವರಿಗೆ 3 ವರ್ಷ ಸಾಕು. ಆ 5 ವರ್ಷಗಳಲ್ಲಿ ಅರ್ಧದಷ್ಟು ಕಾಲ, ಅಂದರೆ ಒಟ್ಟು 30 ತಿಂಗಳು, ದೇಶದ ಒಳಗೇ ಇದ್ದಿರಬೇಕು. ಒಂದೇ ಪ್ರವಾಸದಲ್ಲಿ 6 ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದರೆ ವಾಸ ಮುರಿದುಬಿತ್ತೇ ಎಂಬ ಪ್ರಶ್ನೆ ಏಳುತ್ತದೆ. ಮುರಿದಿಲ್ಲ ಎಂದು ಅರ್ಜಿದಾರರೇ ಸಾಬೀತು ಮಾಡಬೇಕು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ವಾಸದ ಲೆಕ್ಕವೇ ಮುರಿಯುತ್ತದೆ. ಅರ್ಜಿ ಹಾಕುವ ಪ್ರದೇಶದಲ್ಲಿ 3 ತಿಂಗಳು ವಾಸವಿದ್ದಿರಬೇಕು. ನಡತೆ ಒಳ್ಳೆಯದಿರಬೇಕು.

ಇದರ ಮೇಲೆ ಪರೀಕ್ಷೆ. ಇಂಗ್ಲಿಷ್ ಮಾತನಾಡಲು, ಓದಲು, ಬರೆಯಲು ಬರಬೇಕು. ಅಮೆರಿಕದ ಇತಿಹಾಸ ಮತ್ತು ಆಡಳಿತದ ಬಗ್ಗೆ ಅಧಿಕಾರಿ ಬಾಯಿಮಾತಿನಲ್ಲಿ ಪ್ರಶ್ನೆ ಕೇಳುತ್ತಾರೆ. 2008ರ ಪರೀಕ್ಷೆಯಲ್ಲಿ 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6 ಸರಿಯಾದರೆ ತೇರ್ಗಡೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪಟ್ಟಿ 128 ಪ್ರಶ್ನೆಗಳಿಗೆ ಬೆಳೆದಿದೆ. 20 ಪ್ರಶ್ನೆಗಳಲ್ಲಿ 12 ಸರಿಯಾಗಬೇಕು. ವಯಸ್ಸಾದವರಿಗೆ ಸ್ವಲ್ಪ ರಿಯಾಯಿತಿ ಇದೆ. 50 ವರ್ಷ ದಾಟಿ, 20 ವರ್ಷ ಖಾಯಂ ನಿವಾಸಿಯಾಗಿದ್ದವರು ಇಂಗ್ಲಿಷ್ ಪರೀಕ್ಷೆಯಿಂದ ಮುಕ್ತರು. ಪೌರನೀತಿಯ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು. ಎಲ್ಲ ಮುಗಿದ ಮೇಲೆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವಚನ. ಆ ಪ್ರಮಾಣ ಸ್ವೀಕರಿಸಿದ ಗಳಿಗೆಯಲ್ಲಿ ಮನುಷ್ಯ ಪೌರನಾಗುತ್ತಾನೆ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ವಾಸ, ನಡತೆ, ಕಲಿಕೆ, ಪ್ರಮಾಣ. ಇವೆಲ್ಲ ಮನುಷ್ಯ ತನ್ನ ಪ್ರಯತ್ನದಿಂದ ಸಂಪಾದಿಸಬಹುದಾದ ಸಂಗತಿಗಳು. ಹುಟ್ಟಿನಿಂದ ಬಂದ ಯಾವುದನ್ನೂ ಇಲ್ಲಿ ಕೇಳಿಲ್ಲ. ಈಗ ಅದು ಸಹಜವೆಂದು ಕಾಣುತ್ತದೆ. ಆದರೆ ಹೀಗಾಗಲು 162 ವರ್ಷ ಹಿಡಿಯಿತು.

1790ರ ಒಂದು ಪದ

ಅಮೆರಿಕದ ಮೊದಲ ಪೌರತ್ವ ಕಾನೂನು ಬಂದದ್ದು 1790ರಲ್ಲಿ. ಎರಡು ವರ್ಷ ದೇಶದಲ್ಲಿ ವಾಸ, ಒಳ್ಳೆಯ ನಡತೆ, ಸಂವಿಧಾನಕ್ಕೆ ನಿಷ್ಠೆ ಎಂಬ ಷರತ್ತುಗಳಿದ್ದವು. ಅಂದಿನ ಯೂರೋಪಿನ ರಾಜಪ್ರಭುತ್ವಗಳ ಮುಂದೆ ಇದು ಬಹಳ ಉದಾರವಾದ ಕಾನೂನು. ಆದರೆ ಅದರಲ್ಲಿ ಒಂದು ಪದವಿತ್ತು. ಅರ್ಜಿದಾರನು ಸ್ವತಂತ್ರನಾದ 'ಬಿಳಿಯ' ವ್ಯಕ್ತಿಯಾಗಿರಬೇಕು ಎಂದು.

ವಾಸದ ಅವಧಿ ಮುಂದೆ ಬದಲಾಯಿತು. 1795ರಲ್ಲಿ 5 ವರ್ಷ, 1798ರಲ್ಲಿ 14 ವರ್ಷ, 1802ರಲ್ಲಿ ಮತ್ತೆ 5 ವರ್ಷ. ಆ 5 ವರ್ಷವೇ ಇಂದಿಗೂ ಉಳಿದಿದೆ. ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ, 1870ರಲ್ಲಿ ಆಫ್ರಿಕಾ ಮೂಲದವರಿಗೂ ಅರ್ಜಿ ಹಾಕುವ ಹಕ್ಕು ಬಂತು. 1882ರಲ್ಲಿ ಚೀನೀಯರಿಗೆ ಪೌರತ್ವ ಕೊಡಬಾರದೆಂದು ಕಾನೂನೇ ಸ್ಪಷ್ಟವಾಗಿ ಹೇಳಿತು. ಉಳಿದ ಏಷ್ಯಾದವರ ಗತಿ? ಭಾರತೀಯ, ಅರಬ, ಅಫ್ಘಾನ್, ಜಪಾನೀಯರು ಬಿಳಿಯರೋ ಅಲ್ಲವೋ? ಇದನ್ನು ಕಾನೂನು ಹೇಳಲಿಲ್ಲ. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿಕೊಂಡು ತೀರ್ಮಾನಿಸಬೇಕಾಯಿತು.

ತೋಳು ಮೇಲೆತ್ತಿದ ಅಬ್ದುಲ್ಲಾ

ಅಂಥ ಒಂದು ಮೊಕದ್ದಮೆ ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ ನಡೆಯಿತು. ಅರ್ಜಿದಾರ ಹುಟ್ಟಿದ್ದು ಕಲ್ಕತ್ತೆಯಲ್ಲಿ, ತಂದೆತಾಯಿ ಅಫ್ಘಾನರು. ಅಬ್ದುಲ್ಲಾ ಎಂದಿರಬೇಕಾದ ಆತನ ಹೆಸರು ನ್ಯಾಯಾಲಯದ ದಾಖಲೆಯಲ್ಲಿ 'ಅಬ್ಬಾ ದೊಲ್ಲಾ' ಎಂದಾಗಿದೆ. ಆತನ ಮುಖ, ಕೈ ಬಿಸಿಲಿಗೆ ಕಪ್ಪಾಗಿದ್ದವು. ನ್ಯಾಯಾಧೀಶರು ಅಂಗಿಯ ತೋಳನ್ನು ಮೇಲೆತ್ತಲು ಹೇಳಿದರು. ಬಿಸಿಲು ತಾಗದ ಕಡೆ ಚರ್ಮ ತಿಳಿಯಾಗಿತ್ತು, ನೀಲಿ ನರಗಳು ಕಾಣುತ್ತಿದ್ದವು. ಸರಿ, ಬಿಳಿಯನೇ ಎಂದಾಯಿತು! ಸರ್ಕಾರ ಮೇಲ್ಮನವಿ ಹಾಕಿತು. 1910ರಲ್ಲಿ ಅದು ವಜಾ ಆಯಿತು, ಪೌರತ್ವ ಉಳಿಯಿತು.

ಓದುಗರೇ, ನಗು ಬರುವ ಈ ಘಟನೆಯಲ್ಲಿ ನಗುವಂಥದ್ದೇನೂ ಇಲ್ಲ. ವರ್ಷಗಟ್ಟಲೆ ಒಂದು ಊರಿನಲ್ಲಿ ವ್ಯಾಪಾರ ಮಾಡಿ, ಎಲ್ಲರ ವಿಶ್ವಾಸ ಗಳಿಸಿದ ಮನುಷ್ಯನ ಹಣೆಬರಹ ಕೊನೆಗೆ ಒಂದು ಅಂಗಿ ತೋಳಿನ ಮೇಲೆ ನಿಂತಿತ್ತು.

ಒಜಾವಾ ಮತ್ತು ಥಿಂಡ್

ಕೆಳಗಿನ ನ್ಯಾಯಾಲಯಗಳು ಒಂದೊಂದು ಕಡೆ ಒಂದೊಂದು ರೀತಿ ತೀರ್ಪು ಕೊಡುತ್ತಿದ್ದಾಗ ಎರಡು ಮೊಕದ್ದಮೆಗಳು ಸುಪ್ರೀಂ ಕೋರ್ಟಿಗೆ ಬಂದವು.

ಮೊದಲನೆಯದು ತಕಾವೊ ಒಜಾವಾ ಎಂಬ ಜಪಾನೀ ಮೂಲದವರದು. ಅವರು 20 ವರ್ಷ ಅಮೆರಿಕದ ನೆಲದಲ್ಲಿ ವಾಸವಿದ್ದವರು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು, ಮನೆಯಲ್ಲೂ ಇಂಗ್ಲಿಷನ್ನೇ ಆಡುತ್ತಿದ್ದವರು. ನಡತೆಯಲ್ಲಿ, ವಿದ್ಯೆಯಲ್ಲಿ ಅವರು ಅರ್ಹರೆಂದು ನ್ಯಾಯಾಲಯವೂ ಒಪ್ಪಿತು. ಆದರೆ 1922ರ ನವೆಂಬರಿನಲ್ಲಿ ತೀರ್ಪು ಬಂತು. ಬಿಳಿಯ ಎಂದರೆ ಬರಿಯ ಚರ್ಮದ ಬಣ್ಣವಲ್ಲ, 'ಕಕೇಸಿಯನ್' ಜನಾಂಗಕ್ಕೆ ಸೇರಿರಬೇಕು. ಜಪಾನೀಯರು ಆ ಜನಾಂಗದವರಲ್ಲ.

ಎರಡನೆಯದು ನಮ್ಮ ದೇಶದವರೇ ಆದ ಭಗತ್ ಸಿಂಗ್ ಥಿಂಡ್ ಅವರದು. (ನೀವು ತಿಳಿದಿರುವ ಕ್ರಾಂತಿಕಾರಿ ಭಗತ್ ಸಿಂಗ್ ಬೇರೆ.) ಪಂಜಾಬಿನ ಅಮೃತಸರ ಜಿಲ್ಲೆಯ ಥಿಂಡ್ 1913ರಲ್ಲಿ ಅಮೆರಿಕಕ್ಕೆ ಹೋದರು. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕದ ಸೈನ್ಯಕ್ಕೆ ಸೇರಿದರು. ಅದೇ ವರ್ಷ ಅವರಿಗೆ ಪೌರತ್ವ ಸಿಕ್ಕಿತು. ನಾಲ್ಕೇ ದಿನಕ್ಕೆ ರದ್ದಾಯಿತು. 1920ರಲ್ಲಿ ಓರೆಗಾನ್ ರಾಜ್ಯದಲ್ಲಿ ಮತ್ತೆ ಸಿಕ್ಕಿತು. ಸರ್ಕಾರ ಮತ್ತೆ ವಿರೋಧಿಸಿತು.

ಥಿಂಡ್ ಪರ ವಾದ ಹೀಗಿತ್ತು: ಅಂದಿನ ವಿದ್ವಾಂಸರ ಪ್ರಕಾರ ಉತ್ತರ ಭಾರತದವರು ಕಕೇಸಿಯನ್ ಜನಾಂಗದವರು, ತಾನು ಮೇಲ್ಜಾತಿಯ ಆರ್ಯ ಮೂಲದವನು, ಆದ್ದರಿಂದ ತಾನು ಬಿಳಿಯ. ಒಜಾವಾ ತೀರ್ಪಿನ ಮಾತನ್ನೇ ಹಿಡಿದ ಈ ವಾದ ಗೆಲ್ಲಲೇಬೇಕಿತ್ತು. ಆದರೆ ಮೂರೇ ತಿಂಗಳ ನಂತರ, 1923ರ ಫೆಬ್ರವರಿ 19ರಂದು, ಅದೇ ನ್ಯಾಯಾಲಯ ಮಾತು ಬದಲಿಸಿತು. ವಿದ್ವಾಂಸರು ಏನೇ ಹೇಳಲಿ, ಜನಸಾಮಾನ್ಯರ ತಿಳಿವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲ ಎಂದಿತು. ಎರಡೂ ತೀರ್ಪುಗಳನ್ನು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಅವರು ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು ಎಂಬುದನ್ನು ಗಮನಿಸಿ.

ಇಲ್ಲಿ ನಾವು ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಥಿಂಡ್ ಅವರ ವಾದ "ಈ ಗೋಡೆ ಅನ್ಯಾಯ, ಕೆಡವಿ" ಎನ್ನಲಿಲ್ಲ. "ನಾನು ಗೋಡೆಯ ಒಳಗಿನವನು, ಹೊರಗಿನವರು ಬೇರೆಯವರು" ಎಂದಿತು. ಅದಕ್ಕೆ ಜಾತಿಯ ಹೆಮ್ಮೆಯನ್ನೂ ಸಾಕ್ಷಿಯಾಗಿ ತಂದಿತು. ಅಂದಿನ ಕಾನೂನಿನಲ್ಲಿ ವಕೀಲರಿಗೆ ಬೇರೆ ದಾರಿ ಇರಲಿಲ್ಲ, ನಿಜ. ಆದರೆ ಗೋಡೆಯನ್ನು ಒಪ್ಪಿಕೊಂಡು ಒಳಗೆ ಜಾಗ ಕೇಳಿದವರನ್ನೂ ಗೋಡೆ ಒಳಗೆ ಬಿಡಲಿಲ್ಲ.

ಕೊಟ್ಟದ್ದನ್ನು ಕಿತ್ತುಕೊಂಡ ದಿನಗಳು

ಥಿಂಡ್ ತೀರ್ಪಿನ ನಂತರ, ಆಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ರದ್ದುಮಾಡಲು ಸರ್ಕಾರ ಹೊರಟಿತು. ಇದರಿಂದ ಹೋಗುತ್ತಿದ್ದದ್ದು ಬರಿಯ ಒಂದು ಕಾಗದವಲ್ಲ. ಕ್ಯಾಲಿಫೋರ್ನಿಯಾದಲ್ಲಿ 1913 ಮತ್ತು 1920ರ ಕಾನೂನುಗಳ ಪ್ರಕಾರ, ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿ ಭೂಮಿಯ ಒಡೆಯರಾಗುವಂತಿರಲಿಲ್ಲ. 1922ರ ಇನ್ನೊಂದು ಕಾನೂನಿನ ಪ್ರಕಾರ, ಅಂಥವರನ್ನು ಮದುವೆಯಾದ ಅಮೆರಿಕನ್ ಮಹಿಳೆಯೂ ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಪೌರತ್ವ ಹೋದರೆ ಅದರ ಜೊತೆಗೆ ಹೊಲ, ಪಾಸ್‌ಪೋರ್ಟ್, ಹೆಂಡತಿಯ ಹಕ್ಕು ಎಲ್ಲವೂ ಹೋಗುತ್ತಿತ್ತು.

ಪೇಶಾವರದ ವೈಷ್ಣೋ ದಾಸ್ ಬಗಾಯ್ 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿದ್ದರು. ಅಂಗಡಿ ಇಟ್ಟರು, ಮನೆ ಕೊಂಡರು, 1921ರಲ್ಲಿ ಪೌರರಾದರು. ತೀರ್ಪಿನ ನಂತರ ಅದೆಲ್ಲ ಕೈಜಾರಿತು. ಭಾರತದಲ್ಲಿರುವ ಬಂಧುಗಳನ್ನು ನೋಡಿಬರಲು ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಳ್ಳಿ ಎಂದರು. ಯಾವ ಬ್ರಿಟಿಷ್ ಆಳ್ವಿಕೆಯನ್ನು ತೊರೆದು ಬಂದಿದ್ದರೋ ಅದಕ್ಕೇ ಮರಳಬೇಕಾದ ಅವಮಾನ. ಅವರು ಒಪ್ಪಲಿಲ್ಲ. 1928ರಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ವಿಧವೆಯಾದ ಕಲಾ ಬಗಾಯ್ ಆ ಪರದೇಶದಲ್ಲೇ ನಿಂತು ಮಕ್ಕಳನ್ನು ಓದಿಸಿದರು. ಒಂದು ಕಾಲದಲ್ಲಿ ಬರ್ಕ್ಲಿ ನಗರದಲ್ಲಿ ಅವರು ಕೊಂಡ ಮನೆಗೆ ಬರದಂತೆ ನೆರೆಯವರು ಬೀಗ ಹಾಕಿದ್ದರು. ಇಂದು ಅದೇ ಬರ್ಕ್ಲಿಯ ಒಂದು ಬೀದಿಗೆ ಅವರ ಹೆಸರಿದೆ.

ಇನ್ನೊಬ್ಬರು ಸಖಾರಾಮ್ ಗಣೇಶ್ ಪಂಡಿತ್. ಥಿಂಡ್ ಅವರ ವಕೀಲರೂ ಇವರೇ. 1914ರಲ್ಲಿ ಪೌರರಾಗಿದ್ದ ಇವರ ಮೇಲೂ ಸರ್ಕಾರ ಮೊಕದ್ದಮೆ ಹೂಡಿತು. ಪಂಡಿತರು ಈ ಸಲ "ನಾನು ಬಿಳಿಯ" ಎಂಬ ವಾದವನ್ನು ಬಿಟ್ಟರು. "ನಿಮ್ಮ ನ್ಯಾಯಾಲಯವೇ ಎಲ್ಲ ವಿಚಾರಣೆ ಮಾಡಿ ಪೌರತ್ವ ಕೊಟ್ಟಿದೆ. ಅದನ್ನು ನಂಬಿ ವಕೀಲನಾದೆ, ಮನೆ ಮಾಡಿದೆ, ಮದುವೆಯಾದೆ. ಈಗ ಇಷ್ಟು ವರ್ಷಗಳ ಮೇಲೆ ಹಿಂದಕ್ಕೆ ಪಡೆಯುವುದು ನ್ಯಾಯವೇ?" ಎಂಬುದು ಅವರ ವಾದದ ಸಾರ. 1926ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. 1927ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ನಿರಾಕರಿಸಿತು. ಆ ಮೇಲೆ ಉಳಿದ ಭಾರತೀಯರ ಮೇಲಿನ ಇಂಥ ಮೊಕದ್ದಮೆಗಳನ್ನು ಸರ್ಕಾರ ಕೈಬಿಟ್ಟಿತು. ಕಾನೂನು ಓದಿದ ಒಬ್ಬ ವ್ಯಕ್ತಿ ಎಷ್ಟು ಮನೆಗಳನ್ನು ಉಳಿಸಬಹುದು ನೋಡಿ!

ಇಬ್ಬರು ಅರಬರು, ಎರಡು ತೀರ್ಪು

ಎರಡನೆಯ ಮಹಾಯುದ್ಧದ ಕಾಲಕ್ಕೂ ಈ ಪ್ರಶ್ನೆ ಮುಗಿದಿರಲಿಲ್ಲ. 1942ರಲ್ಲಿ ಮಿಶಿಗನ್ ರಾಜ್ಯದಲ್ಲಿ ಯೆಮನ್ ದೇಶದ ಅಹ್ಮದ್ ಹಸನ್ ಅರ್ಜಿ ಹಾಕಿದರು. ನ್ಯಾಯಾಧೀಶರು ಅವರ ಕಪ್ಪು ಬಣ್ಣವನ್ನು ಎತ್ತಿ ಹೇಳಿದರು. ಜೊತೆಗೆ, ಅರಬರು ಇಸ್ಲಾಂ ಧರ್ಮದವರಾದ್ದರಿಂದ ಯೂರೋಪಿನ ಕ್ರೈಸ್ತ ಜನರೊಂದಿಗೆ ಬೆರೆಯಲಾರರು ಎಂದೂ ಸೇರಿಸಿದರು. ಅರ್ಜಿ ತಿರಸ್ಕೃತವಾಯಿತು.

ಎರಡೇ ವರ್ಷ ಕಳೆದು, 1944ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅರೇಬಿಯಾದಲ್ಲೇ ಹುಟ್ಟಿದ ಮೊಹಮ್ಮದ್ ಮೊಹ್ರೀಜ್ ಅರ್ಜಿ ಹಾಕಿದರು. ನ್ಯಾಯಾಧೀಶ ಚಾರ್ಲ್ಸ್ ವೈಜಾನ್ಸ್‌ಕಿ ಅದನ್ನು ಮಂಜೂರು ಮಾಡಿದರು. ಅರಬರು ಯೂರೋಪಿನೊಂದಿಗೆ ಶತಮಾನಗಳಿಂದ ಬೆರೆತವರು ಎನ್ನುತ್ತಾ ಅವರು ಬೀಜಗಣಿತವನ್ನು, ವೈದ್ಯವಿದ್ಯೆಯನ್ನು, ಇಬ್ನ್ ಸೀನಾ ಮತ್ತು ಇಬ್ನ್ ರುಶ್ದ್ ಅವರನ್ನು ನೆನೆದರು. ಒಂಬತ್ತನೇ ತರಗತಿಯಲ್ಲಿ ಬೀಜಗಣಿತ ಕಂಡರೆ ಮುಖ ಸಿಂಡರಿಸುವ ನನ್ನ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಲಿ. ಸಾವಿರ ವರ್ಷ ಹಿಂದಿನವರ ಅಧ್ಯಯನ ಒಬ್ಬ ಅಪರಿಚಿತ ವಲಸಿಗನ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಿತು.

ಆದರೂ ವಿಚಾರ ಮಾಡಿ. ಒಂದೇ ದೇಶ, ಒಂದೇ ಕಾನೂನು, ಒಂದೇ ಜನ. ಒಬ್ಬರಿಗೆ ಬಾಗಿಲು ಮುಚ್ಚಿತು, ಇನ್ನೊಬ್ಬರಿಗೆ ತೆರೆಯಿತು. ತಪ್ಪು ಉತ್ತರದಲ್ಲಿ ಮಾತ್ರ ಇರಲಿಲ್ಲ, ಪ್ರಶ್ನೆಯಲ್ಲೇ ಇತ್ತು.

ಪ್ರಶ್ನೆಯೇ ಇಲ್ಲವಾದಾಗ

ಕೊನೆಗೆ ಬದಲಾವಣೆ ಬಂದದ್ದು ಯಾರೋ ತಾನು ಬಿಳಿಯನೆಂದು ಸಾಬೀತು ಮಾಡಿದ್ದರಿಂದಲ್ಲ. ಯುದ್ಧದಲ್ಲಿ ಚೀನಾ ಮಿತ್ರದೇಶವಾಗಿದ್ದರಿಂದ 1943ರಲ್ಲಿ ಚೀನೀಯರಿಗೆ ದಾರಿಯಾಯಿತು. ಭಾರತೀಯರಿಗಾಗಿ ಜೆ.ಜೆ. ಸಿಂಗ್, ಮುಬಾರಕ್ ಅಲಿ ಖಾನ್ ಮುಂತಾದವರು ವರ್ಷಗಟ್ಟಲೆ ಅಮೆರಿಕದ ಸಂಸತ್ತಿನ ಬಾಗಿಲು ತಟ್ಟಿದರು. ಹಡಗಿನ ಕೆಲಸಕ್ಕೆಂದು ಹೋಗಿ ನ್ಯೂಯಾರ್ಕಿನಲ್ಲಿ ನೆಲೆಸಿದ ಬಂಗಾಳದ ಮುಸ್ಲಿಂ ಕಾರ್ಮಿಕರ ಪರವಾಗಿ ಇಬ್ರಾಹಿಂ ಚೌಧುರಿ ಅವರು ದನಿಯೆತ್ತಿದರು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಲೂಸ್–ಸೆಲ್ಲರ್ ಕಾನೂನು ಭಾರತೀಯರಿಗೂ ಫಿಲಿಪೀನ್ಸ್ ಜನರಿಗೂ ಪೌರತ್ವದ ಹಕ್ಕು ಕೊಟ್ಟಿತು. ಹೊಸದಾಗಿ ಬರುವ ಭಾರತೀಯರ ಸಂಖ್ಯೆ ಮಾತ್ರ ವರ್ಷಕ್ಕೆ 100!

ಈ ಕಾನೂನಿನ ಫಲ ಪಡೆದವರಲ್ಲಿ ದಲೀಪ್ ಸಿಂಗ್ ಸೌಂದ್ ಒಬ್ಬರು. 1920ರಲ್ಲಿ ಅಮೆರಿಕಕ್ಕೆ ಹೋಗಿ, 1924ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರೂ ಅವರು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡಿದ್ದರು. ಹೋದ 29 ವರ್ಷಗಳ ನಂತರ, 1949ರಲ್ಲಿ, ಪೌರರಾದರು. 1950ರಲ್ಲಿ ಊರಿನ ನ್ಯಾಯಾಧೀಶರ ಚುನಾವಣೆ ಗೆದ್ದರು. ಪೌರತ್ವ ಸಿಕ್ಕಿ ಒಂದು ವರ್ಷ ಆಗಿರಲಿಲ್ಲವೆಂದು ಸ್ಥಾನ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಅಮೆರಿಕದ ಸಂಸತ್ತಿಗೇ ಆಯ್ಕೆಯಾದರು. ಅಲ್ಲಿ ಕುಳಿತ ಮೊದಲ ಏಷ್ಯಾ ಮೂಲದ ಸದಸ್ಯರು ಅವರೇ.

1952ರ ಕಾನೂನು ಆ ಹಳೆಯ ಪದವನ್ನು ಪೂರ್ತಿಯಾಗಿ ಅಳಿಸಿತು. ಜನಾಂಗ, ಲಿಂಗ, ವಿವಾಹದ ಕಾರಣಕ್ಕೆ ಯಾರಿಗೂ ಪೌರತ್ವ ನಿರಾಕರಿಸುವಂತಿಲ್ಲ ಎಂದಿತು. ದೇಶವಾರು ಕೋಟಾದ ಅನ್ಯಾಯ 1965ರವರೆಗೂ ಉಳಿದಿತ್ತು. ಅದು ಹೋದ ಮೇಲೆಯೇ ಕರ್ನಾಟಕದ ವೈದ್ಯರು, ಇಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಲು ಸಾಧ್ಯವಾದದ್ದು. ಇಂದು ಭಾರತೀಯರ ದೀರ್ಘವಾದ ಸರತಿ ಸಾಲು ಇರುವುದು ಪೌರತ್ವದ ಬಾಗಿಲಲ್ಲಿ ಅಲ್ಲ, ಅದಕ್ಕೂ ಮುಂಚಿನ ಗ್ರೀನ್ ಕಾರ್ಡಿನ ಬಾಗಿಲಲ್ಲಿ. ಒಂದೊಂದು ದೇಶದವರಿಗೆ ಶೇಕಡಾ 7ರ ಮಿತಿ ಇರುವುದರಿಂದ ಉದ್ಯೋಗದ ಮೇಲೆ ಹೋದವರು ಬಹಳ ವರ್ಷ ಕಾಯಬೇಕಾಗಿದೆ.

ನಮಗೇನು ಪಾಠ?

ಮೊದಲನೆಯದಾಗಿ, ಬೇರೆ ದೇಶದ ಪೌರತ್ವ ಪಡೆಯುವುದು ಸಣ್ಣ ನಿರ್ಧಾರವಲ್ಲ. ನಮ್ಮ ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರರಾದವರು ಭಾರತದ ಪೌರರಾಗಿ ಉಳಿಯುವುದಿಲ್ಲ. 2005ರಿಂದ ಅಂಥವರಿಗೆ ಸಾಗರೋತ್ತರ ಭಾರತೀಯ ಕಾರ್ಡು ಸಿಗುತ್ತಿದೆ. ಆದರೆ ಅದರಿಂದ ಮತದಾನದ ಹಕ್ಕು ಬರುವುದಿಲ್ಲ. ಹೋಗುವವರು ಇದನ್ನು ತಿಳಿದೇ ಹೋಗಬೇಕು.

ಎರಡನೆಯದಾಗಿ, ದಾಖಲೆ. ಅಬ್ದುಲ್ಲಾ 'ಅಬ್ಬಾ ದೊಲ್ಲಾ' ಆದ ಕಥೆ ಓದಿದಾಗ ನನಗೆ ನೆನಪಾದದ್ದು ಶಾಲೆಯ ದಾಖಲಾತಿ ಪುಸ್ತಕ. ಒಂದೇ ಮಗುವಿನ ಹೆಸರು ಜನನ ಪ್ರಮಾಣಪತ್ರದಲ್ಲಿ 'ಮೊಹಮ್ಮದ್', ವರ್ಗಾವಣೆ ಪತ್ರದಲ್ಲಿ 'ಮಹಮದ್', ಇನ್ನೊಂದು ಕಡೆ ಬರೀ 'ಎಂ.ಡಿ.' ಪೋಷಕರು "ಇರಲಿ ಬಿಡಿ ಟೀಚರ್" ಎನ್ನುತ್ತಾರೆ. ಇರಲಿ ಬಿಡಬೇಡಿ. ನಿಮ್ಮ ಮತ್ತು ನಿಮ್ಮ ತಂದೆತಾಯಿಯ ಹೆಸರು, ಹುಟ್ಟಿದ ದಿನಾಂಕ ಎಲ್ಲ ಕಡೆ ಒಂದೇ ರೀತಿ ಇದೆಯೇ ಎಂದು ಈ ವಾರವೇ ನೋಡಿ. ತಪ್ಪಿದ್ದರೆ ಶಾಲೆಯಲ್ಲಿರುವಾಗಲೇ ತಿದ್ದಿಸಿಕೊಳ್ಳಿ.

ಮೂರನೆಯದಾಗಿ, ನಮ್ಮ ದೇಶದ ಕಾನೂನಿನಲ್ಲೂ ಒಂದು ಸುಂದರವಾದ ಷರತ್ತಿದೆ. ಭಾರತದ ಸಹಜೀಕೃತ ಪೌರತ್ವ ಬಯಸುವವರಿಗೆ ಸಂವಿಧಾನದ ಎಂಟನೇ ಅನುಸೂಚಿಯ ಯಾವುದಾದರೂ ಒಂದು ಭಾಷೆ ಚೆನ್ನಾಗಿ ತಿಳಿದಿರಬೇಕು. ಕನ್ನಡವೂ ಆ ಅನುಸೂಚಿಯಲ್ಲಿದೆ, ಉರ್ದುವೂ ಇದೆ. ಹೊರಗಿನಿಂದ ಬಂದವರನ್ನು ಪೌರರನ್ನಾಗಿ ಮಾಡುವ ಶಕ್ತಿ ಇರುವ ಭಾಷೆಗಳನ್ನು ನಾವು ಹುಟ್ಟಿನಿಂದ ಪಡೆದಿದ್ದೇವೆ. ಅವುಗಳಲ್ಲಿ ಒಂದು ಅರ್ಜಿ ಬರೆಯಲೂ ತಡಕಾಡಿದರೆ ಹೇಗೆ?

ಆ ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳುವುದಾದರೆ ಹೀಗೆ ಹೇಳುತ್ತೇನೆ. ಮಗು, ನಿನ್ನ ಮಾಮು ಅಲ್ಲಿ 5 ವರ್ಷ ವಾಸವಿರಬೇಕು, ಒಳ್ಳೆಯವರಾಗಿ ಬಾಳಬೇಕು, ಭಾಷೆ ಮತ್ತು ಕಾನೂನು ಕಲಿಯಬೇಕು, ಪ್ರಮಾಣ ಸ್ವೀಕರಿಸಬೇಕು. ಅವರ ಅಂಗಿಯ ತೋಳನ್ನು ಮೇಲೆತ್ತಿ ಎಂದು ಯಾವ ನ್ಯಾಯಾಧೀಶರೂ ಇಂದು ಹೇಳುವುದಿಲ್ಲ. ಅಷ್ಟರ ಮಟ್ಟಿಗೆ ಬಾಗಿಲು ಅಗಲವಾಗಲು ಒಜಾವಾ ಸೋತರು, ಬಗಾಯ್ ಪ್ರಾಣ ಬಿಟ್ಟರು, ಪಂಡಿತರು ವಾದಿಸಿದರು, ಸೌಂದ್ 29 ವರ್ಷ ಕಾದರು. ಯಾವ ದೇಶದಲ್ಲೇ ಆಗಲಿ, ಇನ್ನೊಬ್ಬರು ಬಾಗಿಲ ಹೊರಗೆ ನಿಂತಿರುವುದನ್ನು ಕಂಡಾಗ ನೀನು ಇವರನ್ನು ನೆನಪಿಸಿಕೋ.